ಎಣ್ಣೆಗೆ ಬಿಟ್ಟ ಜಾಗ

— ಬಾಮ್ಮ, ಮೂಟೆ ಆ ಬೆಂಚಿನ ಮೇಲಿಡು. ಜಾವಾನೋ, ಯೆಜ್ಡಿನೋ?

— ಜಾವಾ ಅಂಕಲ್, ಅಪ್ಪಂದು, 250. ಇಂಜಿನ್ ಪೂರ್ತಿ ಬಿಚ್ಚಿಸಿದೀನಿ. ಕ್ರ್ಯಾಂಕು, ರಾಡು, ಕೇಸು ಎಲ್ಲಾ ಇದೆ. ಒಂದು ಬೇರಿಂಗೂ ನೆಟ್ಟಗಿಲ್ಲ. ಅಂಗಡಿ ಕಿಟ್‌ಗಳ ಮೇಲೆ ನಂಬಿಕೆ ಬರ್ತಿಲ್ಲ. ಅದಕ್ಕೇ ಅಷ್ಟನ್ನೂ ನಿಮ್ಮ ಲೇತಲ್ಲೇ ಮಾಡಿಕೊಡ್ತೀರಾ ಅಂತ ಕೇಳೋಕೆ ಬಂದೆ.

— ಅಷ್ಟನ್ನೂ ಮಾಡೋಕಾಗಲ್ಲ, ಮಾಡಲೂಬಾರದು. ಬಿಚ್ಚೋ ಮುಂಚೆ ಎಂಥಾ ಸದ್ದು ಬರ್ತಿತ್ತು, ಅದನ್ನ ಹೇಳು.

— ನಿಧಾನಕ್ಕೆ ಓಡುವಾಗ ಮೇಲಿಂದ ಟಿಕ್ ಟಿಕ್ ಅಂತ ಸಣ್ಣ ಸದ್ದು. ಚಾಮುಂಡಿ ಬೆಟ್ಟ ಹತ್ತಿಸಿದ್ರೆ ಕೆಳಗಿಂದ ದಪ್ಪಗೆ ಬಡಿಯೋದು. ಇದರ ಜೊತೆಗೆ ಯಾವಾಗಲೂ ಒಂದು ಗೊರಗೊರ.

— ಮೂರು ಸದ್ದಿಗೂ ಮೂರು ಜಾಗ. ಟಿಕ್ ಟಿಕ್ ಅಂದ್ರೆ ರಾಡಿನ ಮೇಲ್ತುದೀಲಿರೋ ಸ್ಮಾಲ್ ಎಂಡ್ ಬುಷ್ ಸವೆದಿದೆ, ಪಿಸ್ಟನ್ ಪಿನ್ ಆಡ್ತಿದೆ. ಲೋಡ್ ಬಿದ್ದಾಗ ಬಡಿದ್ರೆ ರಾಡಿನ ಕೆಳತುದಿ, ಬಿಗ್ ಎಂಡು. ಗೊರಗೊರ ಕ್ರ್ಯಾಂಕ್ ಹೊತ್ತಿರೋ ಮೈನ್ ಬೇರಿಂಗಿಂದ ಬರೋದು. ಎಲ್ಲಿ, ರಾಡ್ ಹಿಡಿ. ಕ್ರ್ಯಾಂಕ್ ಪಿನ್ನನ್ನ ಮೇಲಕ್ಕೆ ತಂದು ರಾಡನ್ನ ನೆಟ್ಟಗೆ ಮೇಲೆ ಕೆಳಗೆ ಎಳೆದು ನೋಡು. ಪಕ್ಕಕ್ಕೆ ಓಲಾಡಿಸಬೇಡ. ಪಕ್ಕಕ್ಕೆ ಸ್ವಲ್ಪ ಆಡಲೇಬೇಕು, ಅದು ಬೇಕೂಂತ ಬಿಟ್ಟಿರೋ ಪ್ಲೇ. ಮೇಲೆ ಕೆಳಗೆ ಮಾತ್ರ ಕೈಗೆ ಏನೂ ಸಿಗಬಾರದು.

— ಸಿಗ್ತಿದೆ ಅಂಕಲ್. ಟಕ್ ಅಂತ ಕೇಳಿಸ್ತಾನೂ ಇದೆ.

— ಹಾಗಾದ್ರೆ ಬಿಗ್ ಎಂಡ್ ಹೋಗಿದೆ. ಇರಲಿ, ಮೊದಲು ಸುಲಭದ್ದು ಮುಗಿಸೋಣ. ಮೈನ್ ಬೇರಿಂಗು ಬಾಲ್ ಬೇರಿಂಗು, ಅದನ್ನ ಮಾಡೋ ಮಾತೇ ಬೇಡ. ಆ ಉಕ್ಕು ಬೇಕಾದ್ರೆ ಸಿಗತ್ತೆ. ಶೇಕಡ 1ರಷ್ಟು ಇಂಗಾಲ, 1.5ರಷ್ಟು ಕ್ರೋಮಿಯಂ ಇರೋ ಇಎನ್ 31. ರಿಂಗನ್ನೂ ನಾನು ತಿರುಗಿಸಬಲ್ಲೆ. ಆದ್ರೆ ರಿಂಗಿನ ಆಕಾರ ಬಂದ ಮಾತ್ರಕ್ಕೆ ಬೇರಿಂಗ್ ಆಗಲ್ಲ. ಅದನ್ನ ರಾಕ್‌ವೆಲ್ 60ರ ಮೇಲೆ ಗಡಸು ಮಾಡಬೇಕು, ಗಡಸು ಮಾಡುವಾಗ ಅದು ಸೊಟ್ಟಗಾಗತ್ತೆ, ಆಮೇಲೆ ಗುಂಡು ಓಡೋ ದಾರೀನ ಗ್ರೈಂಡ್ ಮಾಡಿ ಪಾಲಿಶ್ ಮಾಡಬೇಕು. ಅದು ಬೇರೇನೇ ಕಾರ್ಖಾನೆ ಕೆಲಸ.

— ಒಳ್ಳೇ ದರ್ಜೆಯ ಗುಂಡು ಎಷ್ಟು ದುಂಡಗಿರಬೇಕು ಅನ್ನೋದನ್ನ ಕಾಲೇಜಲ್ಲಿ ಓದಿದ್ದೆ. ಗ್ರೇಡ್ 10 ಅಂತ ಕರೆಯೋ ಗುಂಡಲ್ಲಿ ದುಂಡುತನದ ತಪ್ಪು ಒಂದು ಮೈಕ್ರಾನಿನ ಕಾಲು ಭಾಗ ದಾಟಬಾರದು. ಜರ್ಮನಿಯ ಶ್ವೈನ್‌ಫರ್ಟಲ್ಲಿ ಫ್ರೀಡ್ರಿಷ್ ಫಿಷರ್ 1883ರಲ್ಲಿ ಗುಂಡು ಗ್ರೈಂಡ್ ಮಾಡೋ ಯಂತ್ರ ಕಟ್ಟಿದ ಮೇಲೇನೇ ಒಂದೇ ಅಳತೆಯ ಗುಂಡುಗಳನ್ನ ರಾಶಿ ರಾಶಿ ಮಾಡೋಕಾಗಿದ್ದು.

— ನೋಡು, ನೀನೇ ಹೇಳಿದೆ. ಈ ಲೇತು ಹರಿಹರದ ಮೈಸೂರು ಕಿರ್ಲೋಸ್ಕರ್. ಇವತ್ತಿಗೂ ಒಂದು ಥೌ, ಇಂಚಿನ ಸಾವಿರದಲ್ಲೊಂದು ಪಾಲು, ಅಂದ್ರೆ ಅಷ್ಟನ್ನೇ ಕೊಡತ್ತೆ. ಕಾಲು ಮೈಕ್ರಾನ್ ಇದರ ಕೆಲಸ ಅಲ್ಲ. ಆದ್ರೆ ನಿನಗೊಂದು ಅನುಕೂಲ ಇದೆ. ಹಳೇ ಬೇರಿಂಗಿನ ರಿಂಗ್ ಮೇಲೆ ಒರೆಸಿ ನಂಬರ್ ಓದು. ಉದಾಹರಣೆಗೆ 6305 ಅಂತ ಇದ್ರೆ, ಕೊನೇ ಎರಡು ಅಂಕೀನ ಐದರಿಂದ ಗುಣಿಸು. ಒಳಗಿನ ತೂತು 25 ಮಿ.ಮೀ. ಹೊರಗಡೆ 62, ಅಗಲ 17. ಅರವತ್ತು ವರ್ಷದ ಹಿಂದಿನ 6305 ಎಷ್ಟು ದಪ್ಪಾನೋ ಇವತ್ತಿಂದೂ ಅಷ್ಟೇ ದಪ್ಪ, ಯಾವ ದೇಶದ ಯಾವ ಕಂಪನಿ ಮಾಡಿದ್ರೂ ಸರಿ. ಜಾವಾ ಚೆಕ್ ದೇಶದ ಗಾಡಿ, ಪೂರ್ತಿ ಮೆಟ್ರಿಕ್ ಅಳತೆ. ಹಳೇ ಇಂಗ್ಲಿಷ್ ಗಾಡಿ ಇಟ್ಕೊಂಡಿರೋರು ಇಂಚಿನ ಬೇರಿಂಗ್ ಹುಡುಕಿಕೊಂಡು ಊರೆಲ್ಲಾ ಅಲೀತಾರೆ. ನಿನಗೆ ಆ ಪಾಡಿಲ್ಲ.

— ಅಂಗಡೀಲಿ ಸಿ3 ಬೇಕಾ, ಮಾಮೂಲಿ ಬೇಕಾ ಅಂತ ಕೇಳ್ತಾರೆ. ಯಾವುದು ತರಲಿ?

— ಮೊದಲಿದ್ದ ರಿಂಗ್ ಮೇಲೆ ಏನು ಕೊರೆದಿದೆಯೋ ಅದನ್ನೇ ತಾ. ಸಿ3 ಅಂದ್ರೆ ಗುಂಡಿಗೂ ದಾರಿಗೂ ನಡುವೆ ಹೆಚ್ಚು ಸಂದು ಇರೋದು. 25 ಮಿ.ಮೀ. ತೂತಿನ ಮಾಮೂಲಿ ಬಾಲ್ ಬೇರಿಂಗಲ್ಲಿ 5ರಿಂದ 20 ಮೈಕ್ರಾನ್ ಸಂದಿದ್ರೆ, ಸಿ3ನಲ್ಲಿ 13ರಿಂದ 28. ಇಂಜಿನ್ನಲ್ಲಿ ಒಳ ರಿಂಗ್ ಕ್ರ್ಯಾಂಕ್ ಮೇಲೆ ಟೈಟಾಗಿ ಕೂತು ಹಿಗ್ಗತ್ತೆ, ಹೊರ ರಿಂಗ್ ಕೇಸೊಳಗೆ ಟೈಟಾಗಿ ಕೂತು ಕುಗ್ಗತ್ತೆ, ಆಮೇಲೆ ಬಿಸಿ ಬೇರೆ. ಸಂದು ಎರಡೂ ಕಡೆಯಿಂದ ತಿಂದುಹೋಗತ್ತೆ. ಉಳಿಯೋದು ಸೊನ್ನೆ ಆಯ್ತೋ, ಬೇರಿಂಗ್ ನೀಲಿಗಟ್ಟಿ ಸಾಯತ್ತೆ. ನೀನು ದುಡ್ಡು ಕೊಟ್ಟು ಕೊಳ್ಳೋದು ಉಕ್ಕನ್ನಲ್ಲ ಕಣಮ್ಮ, ಆ ಸಂದನ್ನ. ನಾನು ಲೇತಲ್ಲಿ ಮಾಡೋದೂ ಅದನ್ನೇ. ಬುಷ್ ಅನ್ನೋದು ಎಣ್ಣೆಗೆ ಬಿಟ್ಟ ಜಾಗದ ಸುತ್ತ ಇರೋ ಗೋಡೆ, ಅಷ್ಟೆ.

— ಸರಿ, ಈಗ ಬುಷ್ ವಿಷಯಕ್ಕೆ ಬನ್ನಿ. ಅದನ್ನಾದ್ರೂ ನೀವು ಮಾಡ್ತೀರಲ್ಲ?

— ಅದನ್ನ ಮಾಡ್ತೀನಿ, ಬಾಲ್ ಬೇರಿಂಗ್ ಕಂಪನಿಯೋರಿಗಿಂತ ಚೆನ್ನಾಗೇ ಮಾಡ್ತೀನಿ. ಯಾಕಂದ್ರೆ ಅವರಿಗೆ ನಿನ್ನ ರಾಡೂ ಗೊತ್ತಿಲ್ಲ, ನಿನ್ನ ಪಿನ್ನೂ ಗೊತ್ತಿಲ್ಲ. ಮೊದಲು ಆ ಬುಷ್ ಮೇಲೆ ಬೀಳೋ ಭಾರ ಎಷ್ಟು, ಲೆಕ್ಕ ಹಾಕು.

— ಬೋರ್ 65 ಮಿ.ಮೀ., ಅಂದ್ರೆ ಪಿಸ್ಟನ್ ತಲೆಯ ವಿಸ್ತೀರ್ಣ 33 ಚದರ ಸೆಂಟಿಮೀಟರ್. ಉರಿಯೋ ಹೊತ್ತಲ್ಲಿ ಒತ್ತಡ 30 ಬಾರ್ ಅಂತ ಇಟ್ಕೊಂಡ್ರೂ ಹತ್ತಿರ ಹತ್ತಿರ ಒಂದು ಟನ್.

— ಒಂದು ಟನ್, ಹೆಬ್ಬೆಟ್ಟಿನಷ್ಟು ಬುಷ್ ಮೇಲೆ. 4,500 ಸುತ್ತಲ್ಲಿ ಓಡ್ತಿದ್ರೆ ಸೆಕೆಂಡಿಗೆ 75 ಸಲ. ಇನ್ನೊಂದು ತೊಂದರೆ ಇದೆ. ಫೋರ್ ಸ್ಟ್ರೋಕಲ್ಲಿ ಎರಡು ಸುತ್ತಿಗೊಂದು ಸಲ ಪಿಸ್ಟನ್ನು ರಾಡನ್ನ ಮೇಲಕ್ಕೆ ಎಳೆಯತ್ತೆ. ಆಗ ಪಿನ್ ಬುಷ್‌ನ ಮತ್ತೊಂದು ಪಕ್ಕಕ್ಕೆ ಹೋಗಿ, ಖಾಲಿಯಾದ ಕಡೆಗೆ ಎಣ್ಣೆ ನುಗ್ಗತ್ತೆ. ಟೂ ಸ್ಟ್ರೋಕಲ್ಲಿ ಪ್ರತಿ ಸುತ್ತಿಗೂ ಒತ್ತಡ ಇರೋದ್ರಿಂದ ಹೆಚ್ಚು ಹೊತ್ತು ಪಿನ್ ಒಂದೇ ಪಕ್ಕಾನ ಒತ್ತಿಕೊಂಡೇ ಇರತ್ತೆ. ಜೊತೆಗೆ ಪೂರ್ತಿ ತಿರುಗೋದೂ ಇಲ್ಲ, ಆ ಕಡೆ ಈ ಕಡೆ ತೂಗತ್ತೆ ಅಷ್ಟೆ. ಎಣ್ಣೆಗೆ ಒಳಗೆ ಹೋಗೋಕೆ ಪುರುಸೊತ್ತೇ ಸಿಗಲ್ಲ.

— ಅದಕ್ಕೇ ಕಂಚು?

— ಅದಕ್ಕೇ ಫಾಸ್ಫರ್ ಬ್ರಾಂಜು. ತಾಮ್ರ, ಸುಮಾರು ಹತ್ತು ಪಾಲು ತವರ, ಒಂದು ಪಾಲಿಗೂ ಕಮ್ಮಿ ಫಾಸ್ಫರ್. ಎಣ್ಣೆ ಒಂದು ಗಳಿಗೆ ಇಲ್ಲದಿದ್ರೂ ಉಕ್ಕಿನ ಪಿನ್ನನ್ನ ಕಚ್ಚಿ ಹಿಡಿಯಲ್ಲ. ಪಿನ್ ಗಡಸು, ಬುಷ್ ಮೆದು. ಸವೆದ್ರೆ ಬುಷ್ ಸವೆಯಲಿ, ಸಣ್ಣ ಕಸ ಬಂದ್ರೂ ಬುಷ್‌ನೊಳಗೇ ಹೂತುಹೋಗಲಿ ಅಂತ. ಅಂಗಡೀಲಿ ಎಲ್ಲದಕ್ಕೂ ಗನ್ ಮೆಟಲ್ ಅಂತಲೇ ಹೇಳಿ ಕೊಡ್ತಾರೆ. ಕೆಲವರು ಹಿತ್ತಾಳೆ ಕಡ್ಡೀನೇ ಕೊಟ್ಟುಬಿಡ್ತಾರೆ. ಹಿತ್ತಾಳೆ ಬುಷ್ ಹಾಕಿದ್ರೆ ಬೇಗ ಮತ್ತೆ ಇದೇ ಬೆಂಚಿಗೆ ಬರ್ತೀಯ.

— ತೂಗಿ ಪತ್ತೆ ಮಾಡಬಹುದಲ್ವಾ? ಒಂದು ಸಲ ಗಾಳೀಲಿ, ಒಂದು ಸಲ ನೀರಲ್ಲಿ ತೂಗಿದ್ರೆ ಸಾಂದ್ರತೆ ಸಿಗತ್ತೆ. ಹಿತ್ತಾಳೆ 8.4, 8.5 ಇರತ್ತೆ, ಫಾಸ್ಫರ್ ಬ್ರಾಂಜ್ 8.8.

— ಒಳ್ಳೇ ಉಪಾಯ, ಅಕ್ಕಸಾಲಿಗರ ತಕ್ಕಡಿ ಇದ್ರೆ ಗೊತ್ತಾಗತ್ತೆ. ನಾನು ಬಣ್ಣ ನೋಡ್ತೀನಿ. ಹೊಸದಾಗಿ ಕೊಯ್ದ ಮುಖ ಹಳದಿಯಾಗಿದ್ರೆ ಹಿತ್ತಾಳೆ, ಕೆಂಪು ಕಂದು ಛಾಯೆ ಇದ್ರೆ ಬ್ರಾಂಜು. ಟೂಲಿಗೂ ಗೊತ್ತಾಗತ್ತೆ. ಹಿತ್ತಾಳೆ ಪುಡಿಪುಡಿಯಾಗಿ ಸಿಡಿಯತ್ತೆ, ಬ್ರಾಂಜು ಟೂಲಿಗೆ ಜಗ್ಗತ್ತೆ. ಮರಳಚ್ಚಲ್ಲಿ ಎರಕ ಹೊಯ್ದ ಕಡ್ಡೀಲಿ ಒಳಗೆ ಗಾಳಿ ಗುಳ್ಳೆ ಇರಬಹುದು, ಅರ್ಧ ತಿರುಗಿಸಿದ ಮೇಲೆ ತೂತು ಕಾಣಿಸತ್ತೆ. ಕಂಟಿನ್ಯುಯಸ್ ಕ್ಯಾಸ್ಟ್ ಕಡ್ಡಿ ನಾಲ್ಕು ಕಾಸು ಹೆಚ್ಚಾದ್ರೂ ಅದನ್ನೇ ತಾ.

— ಅಳತೆ? ಡ್ರಾಯಿಂಗ್ ಇದೆಯಾ ನಿಮ್ಮ ಹತ್ರ?

— ಇಲ್ಲ. ಇಲ್ಲೇ ಯಾದವಗಿರೀಲಿದ್ದ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ನಡೀತು. ನಾನು ಅಲ್ಲಿ ಟೂಲ್ ರೂಮಲ್ಲಿದ್ದೆ. ಬಾಗಿಲು ಹಾಕಿದಾಗ ನಾವು ಕೈಕಸುಬು ತಗೊಂಡು ಹೊರಗೆ ಬಂದ್ವಿ, ಕಾಗದ ತರಲಿಲ್ಲ. ಅದಕ್ಕೇ ಪ್ರತಿ ಇಂಜಿನ್ನಿಗೂ ಅಳತೇನ ಆ ಇಂಜಿನ್ನಿಂದಲೇ ತೆಗೀಬೇಕು. ಹಳೇ ಬುಷ್ ಎಷ್ಟಿದೆ ಅಂತ ಅಳೆದು ಅದನ್ನೇ ನಕಲು ಮಾಡಿದ್ರೆ ಸವೆತಾನೂ ನಕಲು ಮಾಡಿದ ಹಾಗಾಗತ್ತೆ. ರಾಡಿನ ಕಣ್ಣು, ಅಂದ್ರೆ ಬುಷ್ ಕೂರೋ ತೂತು, ಅದನ್ನ ಅಳೆ, ಹೊಸ ಪಿನ್ ಅಳೆ, ಆ ಎರಡರಿಂದ ಬುಷ್ ಹುಟ್ಟಬೇಕು.

— ಲೆಕ್ಕಕ್ಕೆ ಪಿನ್ 16, ರಾಡಿನ ಕಣ್ಣು 20 ಮಿ.ಮೀ. ಅಂತ ಇಟ್ಕೊಳ್ಳೋಣ.

— ಇಟ್ಕೋ. ರಾಡಿನ ಕಣ್ಣನ್ನ ಬೋರ್ ಗೇಜಲ್ಲಿ ಉದ್ದಕ್ಕೊಂದು ಸಲ, ಅಡ್ಡಕ್ಕೊಂದು ಸಲ ಅಳೀಬೇಕು. ಹಳೇ ಬುಷ್ ಒಳಗೇ ತಿರುಗಿ ಕಣ್ಣು ಮೊಟ್ಟೆಯಾಕಾರ ಆಗಿದ್ರೆ ಮೊದಲು ಅದನ್ನ ಹೋನ್ ಮಾಡಿ ದುಂಡಗೆ ಮಾಡಬೇಕು. ಆಮೇಲೆ ಬುಷ್‌ನ ಹೊರ ಅಳತೆ ಕಣ್ಣಿಗಿಂತ 0.03ರಿಂದ 0.05 ಮಿ.ಮೀ. ದಪ್ಪ ಇಡಬೇಕು, ಬಿಗಿದು ಕೂರೋಕೆ. ಅಷ್ಟು ಬಿಗಿದಾಗ ಒಳಗಿನ ತೂತು ಕುಗ್ಗತ್ತೆ. ಎಷ್ಟು ಕುಗ್ಗತ್ತೆ ಅನ್ನೋದು ಗೋಡೆ ದಪ್ಪದ ಮೇಲೆ. ತೆಳು ಬುಷ್ ಆದ್ರೆ ಹೊರಗಿಂದ ಕೊಟ್ಟ ಬಿಗಿಯ ಬಹುಪಾಲು ಒಳಗೆ ಬರತ್ತೆ. ಅದಕ್ಕೇ ಲೇತಲ್ಲೇ ತೂತನ್ನ ಪಿನ್ನಿಗೆ ಸರಿಯಾಗಿ ಮಾಡೋರು ಕೆಡ್ತಾರೆ. ಕೂರಿಸಿದ ಮೇಲೆ ಪಿನ್ ಒಳಗೇ ಹೋಗಲ್ಲ. ತೂತಲ್ಲಿ ಒಂದೂವರೆ ದಶಾಂಶ, ಅಂದ್ರೆ 0.15 ಮಿ.ಮೀ. ಮಾಂಸ ಉಳಿಸಿ, ಪ್ರೆಸ್ ಮಾಡಿ, ಆಮೇಲೆ ರೀಮರ್ ಹೊಡೀಬೇಕು.

— ತಿರುಗಿಸೋವಾಗ ಹೇಗೆ ಹಿಡೀತೀರಿ? ಅಷ್ಟು ತೆಳ್ಳಗಿರತ್ತಲ್ಲ.

— ಅದೇ ನೋಡು ಕೇಳಬೇಕಾದ ಮಾತು. ಇಲ್ಲಿ ಬಾ, ಚಕ್ ನೋಡು. ಮೂರು ದವಡೆ. ತೆಳು ಬುಷ್‌ನ ಇದರಲ್ಲಿ ಹಿಡಿದು ಬಿಗಿ ಮಾಡಿದ್ರೆ ಅದು ಕಣ್ಣಿಗೆ ಕಾಣದ ಹಾಗೆ ಮೂರು ಕಡೆ ಒಳಕ್ಕೆ ತಗ್ಗತ್ತೆ. ಆ ಸ್ಥಿತೀಲಿ ಒಳಗಡೆ ಬೋರ್ ಮಾಡಿದ್ರೆ ತೂತು ಚಕ್ಕಲ್ಲಿ ಇರೋವರೆಗೂ ದುಂಡಗೇ ಇರತ್ತೆ. ಬಿಚ್ಚಿದ ತಕ್ಷಣ ಗೋಡೆ ಮೊದಲಿನ ಜಾಗಕ್ಕೆ ವಾಪಸ್ ಹೋಗತ್ತೆ, ತೂತು ಮೂರು ಮೂಲೆ ಆಗತ್ತೆ. ವರ್ನಿಯರಲ್ಲಿ ಎರಡು ಬಾಯಿಂದ ಅಳೆದ್ರೆ ಎಲ್ಲಿ ಅಳೆದ್ರೂ ಒಂದೇ ಅಳತೆ ತೋರಿಸಬಹುದು, ಆದ್ರೂ ಪಿನ್ ಮೂರು ಗೆರೆ ಮೇಲೆ ಮಾತ್ರ ಕೂತಿರತ್ತೆ. ಅದಕ್ಕೇ ಉದ್ದ ಕಡ್ಡೀನ ದಪ್ಪಗಿರೋ ಕಡೆ ಚಕ್ಕಲ್ಲಿ ಹಿಡಿದು, ಮುಂದಕ್ಕೆ ಚಾಚಿರೋ ತುದೀಲೇ ಹೊರಗಿನ ಅಳತೆ, ಒಳಗಿನ ತೂತು ಎರಡನ್ನೂ ಒಂದೇ ಸೆಟ್ಟಿಂಗಲ್ಲಿ ಮುಗಿಸಬೇಕು. ಕೊನೇಲಿ ಪಾರ್ಟಿಂಗ್ ಟೂಲಿಂದ ಕತ್ತರಿಸಿ ತೆಗೀಬೇಕು. ಹೊರಗೂ ಒಳಗೂ ಒಂದೇ ಅಕ್ಷ ಬರೋದು ಆಗಲೇ.

— ಕತ್ತರಿಸೋ ಮುಂಚೆ ಮೈಕ್ರೋಮೀಟರ್ ಹಾಕ್ತೀರಲ್ಲ?

— ಹಾಕ್ತೀನಿ, ತಣ್ಣಗಾದ ಮೇಲೆ. ಬಿಸಿ ಬಿಸಿ ಇದ್ದಾಗ ಅಳೆದ್ರೆ ಅದು ಸುಳ್ಳು ಹೇಳತ್ತೆ.

— ಎಷ್ಟು ಸುಳ್ಳು ಹೇಳತ್ತೆ, ತಡೀರಿ. ಬ್ರಾಂಜು ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ 18 ಪಾಲು ಹಿಗ್ಗತ್ತೆ. 20 ಮಿ.ಮೀ. ಬುಷ್, 40 ಡಿಗ್ರಿ ಹೆಚ್ಚು ಬಿಸಿ ಅಂದ್ರೆ... 0.014 ಮಿ.ಮೀ. 14 ಮೈಕ್ರಾನ್!

— ಪಿನ್ನಿಗೆ ನಾವು ಬಿಡೋ ಸಂದೇ ಅಷ್ಟು. ಸಾವಿರಕ್ಕೆ ಒಂದು ಅನ್ನೋ ಲೆಕ್ಕದಲ್ಲಿ 16ರ ಪಿನ್ನಿಗೆ 16 ಮೈಕ್ರಾನ್, ತೀರಾ ಅಂದ್ರೆ 20, 25. ಬಿಸೀಲಿ ಅಳೆದೋರಿಗೆ ಕೂರಿಸೋ ಬಿಗಿ ಹೋಗತ್ತೆ, ಇಲ್ಲಾ ಸಂದು ಹೋಗತ್ತೆ. ಪ್ರಪಂಚದಲ್ಲೆಲ್ಲಾ ಅಳತೆ ಅಂದ್ರೆ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರೋ ಅಳತೆ. ಏಪ್ರಿಲಲ್ಲಿ ಮೈಸೂರಲ್ಲೂ 20 ಡಿಗ್ರಿ ಎಲ್ಲಿಂದ ಬರಬೇಕು? ಅದಕ್ಕೇ ರಾಡು, ಪಿನ್ನು, ಬುಷ್ಷು, ಗೇಜು ನಾಲ್ಕನ್ನೂ ರಾತ್ರಿ ಒಂದೇ ಬೆಂಚಿನ ಮೇಲೆ ಬಿಟ್ಟು ಬೆಳಿಗ್ಗೆ ಅಳೀತೀನಿ. ಎಲ್ಲಾ ಒಂದೇ ಬಿಸೀಲಿದ್ರೆ ಸಾಕು.

— ಕೂರಿಸೋದು ಸುತ್ತಿಗೇಲಾ?

— ರಾಮ ರಾಮ! ಸುತ್ತಿಗೆ ಮುಟ್ಟಲೇಬಾರದು. ಉದ್ದ ಬೋಲ್ಟು, ಎರಡು ವಾಷರ್, ರಾಡಿನ ಆ ಕಡೆಗೊಂದು ಪೈಪಿನ ತುಂಡು, ಅಷ್ಟೇ ಸಾಕು. ನಟ್ ತಿರುಗಿಸ್ತಾ ಹೋದ್ರೆ ಬುಷ್ ನೆಟ್ಟಗೆ ಒಳಗೆ ಹೋಗತ್ತೆ. ಆಮೇಲೆ ರಾಡಿನ ತಲೆ ಮೇಲಿರೋ ಎಣ್ಣೆ ತೂತಿನ ಮೂಲಕಾನೇ ಬುಷ್‌ಗೂ ಡ್ರಿಲ್ ಮಾಡಬೇಕು. ಒಳಗೆ ಎದ್ದಿರೋ ಬರ್ ತೆಗೀಬೇಕು, ತೂತಿನ ಅಂಚನ್ನ ನುಣ್ಣಗೆ ಇಳಿಜಾರು ಮಾಡಬೇಕು. ಚೂಪಾದ ಅಂಚು ಎಣ್ಣೇನ ಪಿನ್ ಮೇಲಿಂದ ಕೆರೆದು ಹಾಕತ್ತೆ. ಒಳಗೊಂದು ಸಣ್ಣ ಗ್ರೂವ್ ಹಾಕ್ತೀನಿ, ಅದು ಬುಷ್‌ನ ಅಂಚಿನವರೆಗೂ ಹೋಗಬಾರದು, ಹೋದ್ರೆ ಎಣ್ಣೆ ಹರಿದುಹೋಗತ್ತೆ. ಗಾಡಿಗೆ ಪೆಟ್ರೋಲ್ ಲೀಟರಿಗೆ 40 ಮಿ.ಲೀ. ಎಣ್ಣೆ ಹಾಕ್ತೀರಿ ಅನ್ಕೋ. ಅಷ್ಟರಲ್ಲೇ ಬೋರು, ಪಿಸ್ಟನ್ನು, ಮೂರೂ ಜಾಗದ ಬೇರಿಂಗು ಬದುಕಬೇಕು. ಮಂಜಿನ ಥರ ಬರೋ ಎಣ್ಣೆ ಅದು. ಬಂದ ಹನೀನ ಹಿಡಿದು ಇಟ್ಕೊಳ್ಳೋದೇ ಬುಷ್ ಕೆಲಸ.

— ರೀಮರ್ ಆದ ಮೇಲೆ ಸರಿಯಾಗಿದೆ ಅಂತ ಹೇಗೆ ಗೊತ್ತಾಗತ್ತೆ? ಗೇಜ್ ಬಿಟ್ಟು ಕೈಗೆ.

— ಪಿನ್ನಿಗೆ ತೆಳ್ಳಗೆ ಎಣ್ಣೆ ಸವರಿ ಹೆಬ್ಬೆಟ್ಟಿಂದ ತಳ್ಳು. ಒಂದೇ ಸಮ ಮೆತ್ತಗೆ ಜಾರಿ ಹೋಗಬೇಕು, ಎಲ್ಲೂ ಹಿಡೀಬಾರದು. ಅರ್ಧ ಹೊರಗೆ ಎಳೆದು ಅಲುಗಿಸಿದ್ರೆ ಓಲಾಡಬಾರದು. ಇಷ್ಟಾದ ಮೇಲೂ ಒಂದು ಪರೀಕ್ಷೆ ಉಳಿಯತ್ತೆ. ಬಿಗ್ ಎಂಡಿಗೊಂದು, ಸ್ಮಾಲ್ ಎಂಡಿಗೊಂದು ನೆಟ್ಟನೆ ಮ್ಯಾಂಡ್ರಿಲ್ ತೂರಿಸಿ, ಸರ್ಫೇಸ್ ಪ್ಲೇಟ್ ಮೇಲೆ ವಿ ಬ್ಲಾಕಲ್ಲಿ ಇಟ್ಟು ಡಯಲ್ ಓಡಿಸ್ತೀನಿ. 100 ಮಿ.ಮೀ. ಉದ್ದಕ್ಕೆ 0.02, 0.03ಕ್ಕಿಂತ ವ್ಯತ್ಯಾಸ ಬಂದ್ರೆ ರಾಡ್ ಬಾಗಿದೆ, ಇಲ್ಲಾ ರೀಮರ್ ಓರೆ ಹೋಗಿದೆ. ಆಗ ಪಿಸ್ಟನ್ ಬೋರಲ್ಲಿ ಸೊಟ್ಟಗೆ ಓಡತ್ತೆ. ಎಷ್ಟೋ ಜನ ರೀಬೋರ್ ಮೇಲೆ ರೀಬೋರ್ ಮಾಡಿಸ್ತಾರೆ, ಈ ಒಂದು ಪರೀಕ್ಷೆ ಮಾತ್ರ ಮಾಡಿಸಲ್ಲ.

— ಅಂಕಲ್, ಒಂದು ಅನುಮಾನ. ಬಿಗ್ ಎಂಡಿಗೂ ಹೀಗೇ ಬ್ರಾಂಜ್ ಬುಷ್ ಹಾಕಿಬಿಟ್ರೆ? ರೋಲರ್ ಹುಡುಕೋದೇ ತಪ್ಪತ್ತಲ್ಲ. ಹಳೇ ಬುಲೆಟ್ಟಲ್ಲಿ ಬಿಗ್ ಎಂಡಿಗೆ ರೋಲರ್ ಇಲ್ಲ, ಬುಷ್ ಇದೆ ಅಂತ ಕೇಳಿದೀನಿ.

— ಇದೆ. ಉಕ್ಕಿನ ಬುಷ್‌ಗೆ ವೈಟ್ ಮೆಟಲ್ ಬಳಿದಿರ್ತಾರೆ. ಪಿನ್ನಿಗೂ ಅಂಟಲ್ಲ, ರಾಡಿಗೂ ಅಂಟಲ್ಲ, ನಡುವೆ ತಾನೇ ತೇಲ್ತಾ ತಿರುಗತ್ತೆ. ಅದು ಸೊಗಸಾದ ಕೆಲಸ. ಆದ್ರೆ ಬುಲೆಟ್ಟಲ್ಲಿ ಎಣ್ಣೆ ಪಂಪಿದೆ, ಕ್ರ್ಯಾಂಕ್ ಪಿನ್ ಒಳಗಿಂದಾನೇ ಬಿಗ್ ಎಂಡಿಗೆ ಎಣ್ಣೆ ಬರತ್ತೆ. ನಿನ್ನ ಜಾವಾದಲ್ಲಿ ಪಂಪೆಲ್ಲಿದೆ?

— ಈಗ ಹೊಳೀತು. ಇದರ ಹಿಂದೆ ಒಂದು ಕತೆ ಇದೆ, ಹೇಳ್ಲಾ? ಬೋಶಾಂಪ್ ಟವರ್ ಅಂತ ಒಬ್ಬ ಇಂಗ್ಲಿಷ್ ಇಂಜಿನಿಯರು. 1880ರ ದಶಕದಲ್ಲಿ ಅಲ್ಲಿನ ಮೆಕ್ಯಾನಿಕಲ್ ಇಂಜಿನಿಯರುಗಳ ಸಂಸ್ಥೆಗೋಸ್ಕರ ರೈಲಿನ ಬೇರಿಂಗ್ ಮೇಲೆ ಪ್ರಯೋಗ ಮಾಡ್ತಿದ್ದ. ಶಾಫ್ಟಿನ ಕೆಳಭಾಗ ಎಣ್ಣೇಲಿ ಮುಳುಗಿತ್ತು. ಮೇಲೆ ಕೂತಿದ್ದ ಬೇರಿಂಗಿಗೆ ಎಣ್ಣೆ ಬಿಡೋಕೆ ಅಂತ ಒಂದು ತೂತು ಕೊರೆದ. ಯಂತ್ರ ಓಡಿಸಿದ್ರೆ ಆ ತೂತಿಂದ ಎಣ್ಣೆ ಮೇಲಕ್ಕೆ ಉಕ್ಕಿ ಬಂತು. ಬೆಣೆ ಹೊಡೆದು ಮುಚ್ಚಿದ. ಎಣ್ಣೆ ಬೆಣೇನೇ ಹೊರಕ್ಕೆ ತಳ್ಳಿಬಿಡ್ತು. ಒತ್ತಡದ ಗೇಜ್ ಇಟ್ರೆ ಮುಳ್ಳು 200 ಪೌಂಡ್ ದಾಟಿ ಹೋಯ್ತು. ಬೇರಿಂಗ್ ಮೇಲಿದ್ದ ಸರಾಸರಿ ಭಾರಕ್ಕಿಂತ ಅದು ಎರಡು ಪಟ್ಟು ಹೆಚ್ಚು.

— ಪಂಪಿಲ್ಲದೆ?

— ಪಂಪಿಲ್ಲದೆ. ತಿರುಗೋ ಶಾಫ್ಟೇ ಪಂಪಾಗಿತ್ತು. ಮಳೆ ಬಂದ ರಸ್ತೇಲಿ ಜೋರಾಗಿ ಹೋಗೋ ಟೈರು ನೀರಿನ ಪದರದ ಮೇಲೆ ಹತ್ತಿಕೊಳ್ಳೋ ಹಾಗೆ, ಶಾಫ್ಟು ಎಣ್ಣೇನ ಕಿರಿದಾಗೋ ಸಂದಿಗೆ ಎಳೆದುಕೊಂಡು ಅದರ ಮೇಲೇ ತೇಲ್ತಿತ್ತು. ಟವರ್ ವರದಿ ಬಂದಿದ್ದು 1883ರಲ್ಲಿ. ಅದ್ಯಾಕೆ ಹಾಗಾಗತ್ತೆ ಅಂತ ಮ್ಯಾಂಚೆಸ್ಟರಿನ ಓಸ್ಬೋರ್ನ್ ರೆನಾಲ್ಡ್ಸ್ 1886ರಲ್ಲಿ ಗಣಿತ ಬರೆದ. ಇವತ್ತಿಗೂ ಬುಷ್ ಬೇರಿಂಗಿನ ಲೆಕ್ಕಕ್ಕೆಲ್ಲಾ ಅದೇ ಸಮೀಕರಣ. ಆ ಲೆಕ್ಕಕ್ಕೆ ಮೂರು ಬೇಕು: ಎಣ್ಣೆ ಧಾರಾಳ ಇರಬೇಕು, ಶಾಫ್ಟ್ ತಿರುಗ್ತಿರಬೇಕು, ಸಂದು ಸರಿಯಿರಬೇಕು. ಜಾವಾ ಬಿಗ್ ಎಂಡಲ್ಲಿ ಮೊದಲನೇದೇ ಇಲ್ಲ. ಅದಕ್ಕೇ ಅಲ್ಲಿ ರೋಲರ್.

— ನಾನು ಕೈಯಲ್ಲಿ ಮಾಡ್ತಿದ್ದಿದ್ದನ್ನ ನೀನು ಬಾಯಲ್ಲಿ ಹೇಳಿದೆ. ರೋಲರಿಗೆ ಮಂಜಿನಷ್ಟು ಎಣ್ಣೆ ಸಾಕು, ಉರುಳಿಕೊಂಡು ಹೋಗತ್ತೆ. ಈಗ ಬಿಗ್ ಎಂಡು. ಕ್ರ್ಯಾಂಕನ್ನ ಹೈಡ್ರಾಲಿಕ್ ಪ್ರೆಸ್ಸಲ್ಲಿ ಬಿಚ್ಚಿ ಪಿನ್ ತೆಗೀಬೇಕು. ಒಳ್ಳೇ ಕಿಟ್ ಸಿಕ್ಕಿದ್ರೆ ಪಿನ್ನು, ರೋಲರು, ರಾಡು ಮೂರನ್ನೂ ಒಟ್ಟಿಗೇ ಬದಲಾಯಿಸು. ಸಿಗಲಿಲ್ಲ ಅಂದ್ರೆ ಪಿನ್ ಮಾಡಬಹುದು. ರೋಲರ್ ಮಾತ್ರ ಕೊಂಡೇ ತರಬೇಕು, ಅದೂ ಬಾಲ್ ಥರಾನೇ.

— ಪಿನ್ನಿಗೆ ಯಾವ ಉಕ್ಕು?

— ಕೇಸ್ ಹಾರ್ಡನಿಂಗ್ ಉಕ್ಕು, 20 ಎಂಎನ್ ಸಿಆರ್ 5, ಇಲ್ಲಾ ಇಎನ್ 36. ಹೊಟ್ಟೆ ಗಟ್ಟಿಯಾಗಿ ಜಗ್ಗೋ ಹಾಗಿರಬೇಕು, ಚರ್ಮ ಮಾತ್ರ ಗಾಜಿನಷ್ಟು ಗಡಸು. ಪೂರ್ತಿ ಗಡಸಾದ್ರೆ ಒಂದು ದಿನ ಮುರಿಯತ್ತೆ. ನಾನು 0.3 ಮಿ.ಮೀ. ದಪ್ಪ ಉಳಿಸಿ ತಿರುಗಿಸ್ತೀನಿ. ಹೀಟ್ ಟ್ರೀಟ್ಮೆಂಟಲ್ಲಿ ಸುಮಾರು 1 ಮಿ.ಮೀ. ಆಳದವರೆಗೆ ಇಂಗಾಲ ಕುಡಿಸಿ ಗಡಸು ಮಾಡಿಸಬೇಕು. ಆಮೇಲೆ ಸಿಲಿಂಡ್ರಿಕಲ್ ಗ್ರೈಂಡಿಂಗು. ಗ್ರೈಂಡರ್ ಆತುರಪಟ್ಟು ಕಲ್ಲು ಒತ್ತಿದ್ರೆ ಮೇಲೆ ಸುಟ್ಟು ಮೆತ್ತಗಾಗತ್ತೆ, ಕಣ್ಣಿಗೆ ಕಾಣಲ್ಲ. ಅದಕ್ಕೇ ನಿಧಾನ ಮಾಡೋ ಕೈಯನ್ನೇ ಹುಡುಕ್ತೀನಿ. ರಾಡಿನ ದೊಡ್ಡ ಕಣ್ಣು ಸವೆದು ಗೀರು ಬಿದ್ದಿದ್ರೆ ಅದನ್ನೂ ಹೋನ್ ಮಾಡಿ, ಆ ಅಳತೆಗೆ ತಕ್ಕ ದಪ್ಪದ ರೋಲರ್ ಆರಿಸಬೇಕು. ರೋಲರುಗಳು ಮೈಕ್ರಾನ್ ಲೆಕ್ಕದಲ್ಲಿ ಬೇರೆ ಬೇರೆ ದಪ್ಪದಲ್ಲಿ ಸಿಗತ್ತೆ, ಒಂದು ಬೇರಿಂಗಿಗೆ ಎಲ್ಲಾ ಒಂದೇ ಡಬ್ಬಿಯವು ಇರಬೇಕು. ಒಂದು ದಪ್ಪ ಒಂದು ಸಣ್ಣ ಇದ್ರೆ ದಪ್ಪಂದೇ ಭಾರ ಎಲ್ಲಾ ಹೊತ್ತು ಮೊದಲು ಸಾಯತ್ತೆ.

— ಜೋಡಿಸಿದ ಮೇಲೆ ಕ್ರ್ಯಾಂಕ್ ಟ್ರೂ ಮಾಡಬೇಕಲ್ವಾ?

— ಕೆಲಸ ನಿಲ್ಲೋದೋ ಬೀಳೋದೋ ಅಲ್ಲೇ. ಎರಡು ಸೆಂಟರ್ ನಡುವೆ ಕ್ರ್ಯಾಂಕ್ ಹಿಡಿದು ಎರಡೂ ಕಡೆ ಮೈನ್ ಬೇರಿಂಗ್ ಕೂರೋ ಜಾಗದಲ್ಲಿ ಡಯಲ್ ಇಡ್ತೀನಿ. ತಿರುಗಿಸಿದಾಗ ಮುಳ್ಳು 0.02, 0.03 ಮಿ.ಮೀ. ಒಳಗೇ ಆಡಬೇಕು. ಹೆಚ್ಚಿದ್ರೆ ಎಲ್ಲಿ ಎತ್ತರ ಬಂತೋ ಅಲ್ಲಿ ಗುರುತು ಮಾಡಿ, ತಾಮ್ರದ ಸುತ್ತಿಗೇಲಿ ಒಂದು ಏಟು, ಮತ್ತೆ ಡಯಲ್ಲು, ಮತ್ತೊಂದು ಏಟು. ಬುಷ್‌ಗೆ ಸುತ್ತಿಗೆ ಬೇಡ ಅಂದೋನು ಇಲ್ಲಿ ಸುತ್ತಿಗೇನೇ ಹಿಡೀತೀನಿ. ಅವಸರ ಮಾಡೋರು ಇದನ್ನೇ ಬಿಟ್ಟುಬಿಡ್ತಾರೆ. ಆಗ ಹೊಸ ಮೈನ್ ಬೇರಿಂಗು ಮೊದಲ ದಿನದಿಂದಲೇ ಗೊರಗೊರ ಅನ್ನತ್ತೆ, ಬೇರಿಂಗ್ ಕಂಪನಿಗೆ ಕೆಟ್ಟ ಹೆಸರು.

— ಕೇಸ್ ನೋಡಿ ಅಂಕಲ್. ಹಿಂದೆ ಯಾರೋ ಮೆಕ್ಯಾನಿಕ್ ಬೇರಿಂಗ್ ಕೂರೋ ಜಾಗದಲ್ಲಿ ಸುತ್ತಲೂ ಚುಚ್ಚಿದಾನೆ.

— ಸೆಂಟರ್ ಪಂಚ್. ನೋಡಿದ್ರೆ ಹೊಟ್ಟೆ ಉರಿಯತ್ತೆ. ಹೊರ ರಿಂಗ್ ಲೂಸಾಗಿ ತಿರುಗೋಕೆ ಶುರುವಾದಾಗ ಅಲ್ಯೂಮಿನಿಯಮ್ಮಿಗೆ ಚುಚ್ಚಿ ಚುಚ್ಚಿ ಉಬ್ಬಿಸ್ತಾರೆ. ಬೇರಿಂಗ್ ಟೈಟಾಗಿ ಕೂತ ಹಾಗೆ ಕಾಣತ್ತೆ, ಆದ್ರೆ ಕೂತಿರೋದು ಆ ಚುಕ್ಕಿಗಳ ತುದಿ ಮೇಲೆ. ಬಿಸಿಯಾದ್ರೆ ಮತ್ತೆ ಲೂಸು. ಆಮೇಲೆ ಕ್ರ್ಯಾಂಕ್ ಅಲ್ಲಾಡಿ ಆಯಿಲ್ ಸೀಲ್ ತಿನ್ನತ್ತೆ. ಟೂ ಸ್ಟ್ರೋಕಲ್ಲಿ ಸೀಲ್ ಹೋದ್ರೆ ಕ್ರ್ಯಾಂಕ್ ಕೇಸೊಳಗೆ ಹೊರಗಿನ ಗಾಳಿ ನುಗ್ಗತ್ತೆ, ಪೆಟ್ರೋಲ್ ಸಾಲದೆ ಪಿಸ್ಟನ್ ಸುಟ್ಟು ಸೀಜ್ ಆಗತ್ತೆ. ಇದಕ್ಕೆ ಸರಿಯಾದ ದಾರಿ ಒಂದೇ: ಎರಡೂ ಕೇಸ್ ಜೋಡಿಸಿ, ಒಂದೇ ಅಕ್ಷದಲ್ಲಿ ಬೋರ್ ಮಾಡಿ, ಸ್ಲೀವ್ ಕೂರಿಸಿ, ಮತ್ತೆ ಅಳತೆಗೆ ಬೋರ್ ಮಾಡೋದು. ಅದನ್ನ ಮಾಡಿಕೊಡ್ತೀನಿ.

— ಆಮೇಲೆ ಬೇರಿಂಗ್ ಹಾಕೋದು ಬಿಸಿ ಮಾಡಿ ಅಲ್ವಾ?

— ಕೇಸನ್ನ ಓವನ್ನಲ್ಲಿಟ್ಟು ನೀರಿನ ಹನಿ ಚುರ್ ಅನ್ನೋವರೆಗೆ ಬಿಸಿ ಮಾಡು. ಗ್ಯಾಸ್ ಕಟ್ಟರ್ ಉರೀನ ಒಂದೇ ಕಡೆ ಹಿಡೀಬೇಡ, ಕೇಸು ಸೊಟ್ಟಗಾಗತ್ತೆ. ಬೇರಿಂಗ್ ಫ್ರಿಜ್ಜಲ್ಲಿರಲಿ.

— 62 ಮಿ.ಮೀ. ತೂತು, 80 ಡಿಗ್ರಿ ಏರಿದ್ರೆ ಅಲ್ಯೂಮಿನಿಯಂ 0.11 ಮಿ.ಮೀ. ಹಿಗ್ಗತ್ತೆ. ಹಾಗಾದ್ರೆ ಬೇರಿಂಗ್ ತಾನೇ ಬೀಳತ್ತೆ.

— ತಾನೇ ಬೀಳತ್ತೆ, ಬಡಿಯೋ ಮಾತೇ ಇಲ್ಲ. ನೆಟ್ಟಗೆ ಬಿಡಬೇಕು ಅಷ್ಟೆ.

— ಒಟ್ಟು ಎಷ್ಟು ಖರ್ಚು ಬೀಳತ್ತೆ ಅಂತ ಈಗಲೇ ಕೇಳಲ್ಲ. ಇನ್ನೊಂದು ಕೇಳ್ತೀನಿ. ಬುಷ್ ರೀಮ್ ಮಾಡುವಾಗ ನಾನೂ ಇರಬಹುದಾ? ನಿಮ್ಮ ಕೈಯಲ್ಲಿರೋದು ನಾನು ಯಾವ ಪುಸ್ತಕದಲ್ಲೂ ಓದಿಲ್ಲ.

— ಇರಬಹುದೇನು, ಬಂದು ರೀಮರ್ ಹಿಡಿ. ಮೈಸೂರಲ್ಲಿ ನನ್ನ ಜೊತೆ ಟೂಲ್ ರೂಮಲ್ಲಿದ್ದೋರಲ್ಲಿ ಕೈ ಆಡೋರು ಕಡಿಮೆ ಆಗ್ತಿದಾರೆ. ಜಾವಾ ಇಟ್ಕೊಂಡು ಮೆರೆಯೋ ಹುಡುಗರು ಬೇಕಾದಷ್ಟು ಇದಾರೆ. ಬುಷ್ ತಿರುಗಿಸೋಕೆ ಕಲಿಯೋ ಹುಡುಗ, ಹುಡುಗಿ ಬೇಕು. ಐಟಿಐಯಿಂದ ಬಂದೋರು ಕಂಪ್ಯೂಟರ್ ಮಷೀನಿಗೆ ಹೋಗ್ತಾರೆ, ಹೋಗಲಿ, ಅದೂ ಒಳ್ಳೇ ಕೆಲಸ. ಆದ್ರೆ ಒಂದೇ ಒಂದು ಬುಷ್, ಒಂದೇ ಒಂದು ರಾಡಿಗೆ ಹೊಂದಿಸೋದು ಕೈಯಿಂದ ಕೈಗೆ ಬರಬೇಕಾದ್ದು.

— ಬರ್ತೀನಿ ಅಂಕಲ್. ಬರೋವಾಗ ಏನೇನು ತರಲಿ?

— ಹಳೇ ಬುಷ್ಷು, ಹಳೇ ಬೇರಿಂಗು, ಹಳೇ ಪಿನ್ನು ಯಾವುದನ್ನೂ ಗುಜರಿಗೆ ಹಾಕಬೇಡ, ಎಲ್ಲಾ ತಾ. ಸವೆತ ಯಾವ ಕಡೆ ಬಿದ್ದಿದೆ ಅಂತ ನೋಡಿದ್ರೆ ಇಂಜಿನ್ ಹೇಗೆ ಓಡಿತ್ತು ಅಂತ ಗೊತ್ತಾಗತ್ತೆ. ಜೊತೆಗೊಂದು ನೋಟ್‌ಬುಕ್ ತಾ. ರಾಡಿನ ಕಣ್ಣು ಎಷ್ಟು, ಬುಷ್ ಹೊರಗೆಷ್ಟು ಒಳಗೆಷ್ಟು, ಪಿನ್ ಎಷ್ಟು, ಯಾವ ನಂಬರಿನ ಬೇರಿಂಗು, ರೋಲರ್ ದಪ್ಪ ಎಷ್ಟು, ಕ್ರ್ಯಾಂಕ್ ಎಷ್ಟು ಟ್ರೂ ಬಂತು, ಕೇಸಿಗೆ ಎಂಥಾ ಸ್ಲೀವ್ ಹಾಕಿದ್ವಿ, ಎಲ್ಲಾನೂ ತಾರೀಖು ಹಾಕಿ ಬರಿ. ಅದರ ಒಂದು ಪ್ರತೀನ ಗಾಡಿ ಆರ್‌ಸಿ ಜೊತೆ ಇಡು. ಈ ಇಂಜಿನ್ನು ಮತ್ತೊಂದು ಸಲ ಬಿಚ್ಚೋ ಕಾಲಕ್ಕೆ ನಾನಿರಲ್ಲ. ಅವತ್ತು ಲೇತ್ ಮುಂದೆ ನಿಂತಿರೋರಿಗೆ ಆ ಅಳತೆ ಬೇಕಾಗತ್ತೆ.